ಸಿಸ್ಟ್ರಕ್ಕನ ಹೆದ್ರಿಕಿ ಪಿಚ್ಚರು

ಹಂಗಾರಕಟ್ಟೆಗೆ ತಿರುಗುವಲ್ಲಿ ಒಂದು ಫ್ಲೆಕ್ಸ್ ನಿಂತಿದೆ. ನಡುವೆ ಬಿಳಿ ಸೀರೆಯ ಹೆಂಗಸಿನ ಫೋಟೋ, ತಲೆಯ ಹಿಂದೆ ಹಳದಿ ಕಿರಣ, ಎರಡು ಬದಿಗೂ ಉರಿಯುವ ದೀಪ. ಮೇಲೆ ದೊಡ್ಡದಾಗಿ ‘ಭಾವಪೂರ್ಣ ಶೃದ್ಧಾಂಜಲಿ’. ಶ್ರ ಅಲ್ಲ, ಶೃ. ಅದರ ಕೆಳಗೆ ‘ನಿಸ್ವಾರ್ಥ ಸೇವಕಿ’, ‘ಅಜಾತಶತ್ರು’, ‘ಊರಿನ ಹೆಮ್ಮೆಯ ಮಗಳು’. ಅದಕ್ಕೂ ಕೆಳಗೆ ಕೈಮುಗಿದು ನಿಂತ ಹನ್ನೊಂದು ಗಂಡಸರು. ಹನ್ನೊಂದರಲ್ಲಿ ಮೂರು ಮುಖ ನನಗೆ ಬಹಳ ಚೆನ್ನಾಗಿ ಗೊತ್ತು.

ಬ್ರಹ್ಮಾವರದಲ್ಲಿ ನನ್ನದೂ ಒಂದು ಫ್ಲೆಕ್ಸ್ ಅಂಗಡಿ ಇದೆ. ಆದರೆ ಇದು ನಾನು ಮಾಡಿದ್ದಲ್ಲ. ನನಗೆ ಅಕ್ಷರ ಕಲಿಸಿದವರು ನನ್ನ ಅಜ್ಜಯ್ಯ. ಶ್ರ ಬರೆಯುವಲ್ಲಿ ಶೃ ಬರೆದರೆ ತಿದ್ದುವವರೆಗೆ ಊಟಕ್ಕೆ ಕರೆಯುತ್ತಿರಲಿಲ್ಲ. ಹಾಗಾಗಿ ಆ ತಿರುವಿನಲ್ಲಿ ಸ್ಕೂಟರು ನಿಧಾನ ಮಾಡಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಅಕ್ಷರ ತಪ್ಪಿದ್ದಕ್ಕೆ ಎಂದು ನನ್ನಷ್ಟಕ್ಕೆ ಹೇಳಿಕೊಳ್ಳುತ್ತೇನೆ. ಸುಳ್ಳು. ಅಕ್ಷರ ಸರಿ ಇದ್ದಿದ್ದರೂ ಅದನ್ನು ಕಿತ್ತು ಹೊಳೆಗೆ ಬಿಸಾಡುವಷ್ಟು ಸಿಟ್ಟು ನನ್ನಲ್ಲಿದೆ.

ಫೋಟೋದಲ್ಲಿರುವವರನ್ನು ಊರೆಲ್ಲ ಕರೆಯುತ್ತಿದ್ದದ್ದು ಸಿಸ್ಟ್ರಕ್ಕ ಎಂದು. ಮುಂಬೈಯ ಆಸ್ಪತ್ರೆಯೊಂದರಲ್ಲಿ ಬಹಳ ಕಾಲ ನರ್ಸ್ ಆಗಿದ್ದು, ಆಮೇಲೆ ಊರ ಕಡೆಗೆ ಬಂದು ಇಲ್ಲಿನ ಆಸ್ಪತ್ರೆಯಲ್ಲೇ ನಿವೃತ್ತರಾದವರು. ಮದುವೆಯಾಗಿರಲಿಲ್ಲ. ‘ಯಾಕೆ’ ಎಂದು ಕೇಳಿದವರಿಗೆಲ್ಲ “ಡ್ಯೂಟಿ ಇದ್ದಿತ್” ಎನ್ನುತ್ತಿದ್ದರು. ಹೊಳೆ ಬದಿಯ ಸಣ್ಣ ಮನೆ. ಆ ಮನೆಯ ಚಾವಡಿಯಲ್ಲಿ, ಪ್ರತಿ ಭಾನುವಾರ ಮಧ್ಯಾಹ್ನ ಊಟವಾದ ಮೇಲೆ, ನಾವು ಕೆಲವರು ಕೂತು ಹೆದರಿಕೆಯ ಸಿನಿಮಾ ನೋಡುತ್ತಿದ್ದೆವು. ಹಳೆಯದು, ಕಪ್ಪು ಬಿಳುಪಿನದು, ನಮಗೆ ಗೊತ್ತಿಲ್ಲದ ಭಾಷೆಯದು, ತಲೆಬುಡವಿಲ್ಲದ್ದು, ಯಾರೂ ನೋಡದೆ ಬಿಟ್ಟದ್ದು, ಎಲ್ಲ.

ಮಧ್ಯಾಹ್ನವೇ ಯಾಕೆ ಎಂದರೆ ಅವರಿಗೆ ಅದೇ ಅಭ್ಯಾಸ. ಮುಂಬೈಯಲ್ಲಿ ರಾತ್ರಿ ಪಾಳಿ ಮುಗಿಸಿ, ಹಾಸ್ಟೆಲಿನ ಸೆಖೆಯಲ್ಲಿ ನಿದ್ದೆ ಬಾರದೆ, ನಾಲ್ಕು ಜನ ನರ್ಸುಗಳು ತಂಪಾದ ಟಾಕೀಸು ಹುಡುಕಿಕೊಂಡು ಹೋಗುತ್ತಿದ್ದರಂತೆ. ಮಧ್ಯಾಹ್ನದ ಆಟಕ್ಕೆ ಯಾವಾಗಲೂ ಇಂಥದ್ದೇ ಸಿನಿಮಾ. ಉಳಿದ ಮೂವರು ನಿದ್ದೆ ಮಾಡುತ್ತಿದ್ದರು. ಇವರು ಕಣ್ಣು ಮಿಟುಕಿಸದೆ ನೋಡುತ್ತಿದ್ದರು.

ಚಾವಡಿಯ ಎರಡು ಕಿಟಕಿಗೂ ಕಂಬಳಿ ಕಟ್ಟಬೇಕು. ಕಟ್ಟುವುದೆಂದರೆ ಹಗ್ಗದಿಂದಲ್ಲ, ಆಪರೇಶನ್‌ನಲ್ಲಿ ರಕ್ತನಾಳ ಹಿಡಿಯುವ ಹಳೆಯ ಚಿಮಟಗಳು ಅವರ ಹತ್ತಿರ ಎಂಟೋ ಹತ್ತೋ ಇದ್ದವು, ಅವನ್ನು ಕಂಬಳಿಯ ಅಂಚಿಗೂ ಕಿಟಕಿಯ ಸರಳಿಗೂ ಸೇರಿಸಿ ಕಟ್ ಕಟ್ ಎಂದು ಕಚ್ಚಿಸುತ್ತಿದ್ದರು. ಕಂಬಳಿ ಕಟ್ಟಿದ ಮೇಲೆ ಹಲಸಿನ ಹಪ್ಪಳ ಕರಿದು ದೊಡ್ಡ ಪಾತ್ರೆಯಲ್ಲಿ ತಂದಿಡುವರು. ಆದರೆ ಮುಟ್ಟುವಂತಿಲ್ಲ.

“ಹೆಣ ಎದ್ದ್ ಮೇಲೆ ಹಪ್ಪಳ. ಅಲ್ಲಿವರಿಗ್ ಕಡಿಯುಕಾಗ. ನೀವ್ ಕಟುಂ ಕುಟುಂ ಮಾಡ್ರೆ ಪಾಪ ಆ ಹೆಣಕ್ಕೇ ಹೆದ್ರಿಕಿ ಆತ್ತ್.”

ಸಿನಿಮಾಗಳಿಗೆ ಅವರಿಟ್ಟ ಹೆಸರೇ ಹೆಸರು. ಗೊಂಬೆ ಪಿಚ್ಚರ್, ಗಡಿಯಾರದ್ ಪಿಚ್ಚರ್, ಹಲ್ಲಿಲ್ದ್ ಮುದ್ಕಿ ಪಿಚ್ಚರ್. ಬೈಂದೂರಿನಿಂದ ರೈಲು ಹತ್ತಿ ಬಾರ್ಕೂರಿನಲ್ಲಿ ಇಳಿದು ಬರುತ್ತಿದ್ದ ಒಬ್ಬ ಕಾಲೇಜು ಮೇಷ್ಟ್ರು, ನಿರ್ದೇಶಕರ ಹೆಸರು, ವರ್ಷ, ನೆರಳು ಬೆಳಕು ಎಂದು ಶುರು ಮಾಡಿದರೆ ಸಿಸ್ಟ್ರಕ್ಕ ಹಪ್ಪಳದ ಪಾತ್ರೆ ಅವರ ಮಡಿಲಿಗೆ ಇಡುವರು. ಮುಟ್ಟುವಂತಿಲ್ಲದ ಹಪ್ಪಳ ಮಡಿಲಲ್ಲಿದ್ದರೆ ಎಂಥ ಮೇಷ್ಟ್ರಿಗೂ ಮಾತು ನಿಲ್ಲುತ್ತದೆ.

ಸಿನಿಮಾ ಒಳ್ಳೆಯದೋ ಅಲ್ಲವೋ ಎಂದು ತೀರ್ಮಾನಿಸುವ ಕ್ರಮ ಅವರದ್ದೇ. ಇನ್ನೇನು ಬಾಗಿಲು ತೆರೆಯಬೇಕು, ಒಳಗಿನಿಂದ ಏನೋ ಬರಬೇಕು, ಆ ಹೊತ್ತಿಗೆ ಕತ್ತಲಲ್ಲಿ ಒಂದು ಕೈ ಬಂದು ನಮ್ಮ ಮಣಿಕಟ್ಟು ಹಿಡಿಯುತ್ತಿತ್ತು. ಮೊದಲ ಸಲ ಬಂದವರು ಕಿರುಚಿದ್ದು ಆ ಕೈಗೇ ಹೊರತು ಸಿನಿಮಾಕ್ಕಲ್ಲ. ಇನ್ನೊಂದು ಕೈಯ ಗಡಿಯಾರ ಕಣ್ಣಿನ ಹತ್ತಿರ ಹಿಡಿದು ನಾಡಿ ಎಣಿಸುವರು. ಆಮೇಲೆ ತೀರ್ಪು.

“ನೂರಾ ಎರಡ್. ಪಾಸ್.”

ಇಲ್ಲವೇ, “ಎಪ್ಪತ್ತೆರಡ್. ಇದ್ ಹೆದ್ರಿಕಿ ಪಿಚ್ಚರ್ ಅಲ್ಲ, ಮದಿಮನಿ ವಿಡಿಯೋ.”

ಅವರ ನಾಡಿ ಒಮ್ಮೆ ನಾನು ಎಣಿಸಿದ್ದೆ. ಅರವತ್ತೆಂಟು. ತೆರೆಯ ಮೇಲೆ ಒಬ್ಬನ ತಲೆ ಉರುಳುತ್ತಿತ್ತು.

ನಮ್ಮಲ್ಲಿ ಅವರಷ್ಟೇ ಖಾಯಂ ಎಂದರೆ ಆಚಾರಿ. ಹಂಗಾರಕಟ್ಟೆಯಲ್ಲಿ ದೋಣಿ ಕಟ್ಟುವ ಬಡಗಿ, ಮಾತು ಕಡಿಮೆ. ಶವಪೆಟ್ಟಿಗೆ ಕಂಡರೆ ಮಾತ್ರ ಬಾಯಿ ಬಿಡುವರು. “ಹಲಗಿ ಜೋಡ್ಸದ್ ಸರಿ ಇಲ್ಲೆ ಸಿಸ್ಟ್ರಕ್ಕ. ಇದ್ರಂಗೆ ಹೆಣ ಅಲ್ಲ, ಒಂದ್ ಬುಟ್ಟಿ ಬೂತಾಯಿ ಮೀನ್ ಸಹಾ ನಿಲ್ತಿಲ್ಲೆ.” ಸಿಸ್ಟ್ರಕ್ಕನಿಗೆ ರಕ್ತದ ಬಗ್ಗೆ ತಕರಾರು. ರಕ್ತ ಅಷ್ಟು ಕೆಂಪಾಗಿ ಉಳಿಯುವುದಿಲ್ಲ, ಅಷ್ಟು ದೂರ ಹಾರುವುದಿಲ್ಲ. ಎಲ್ಲಕ್ಕಿಂತ ದೊಡ್ಡ ತಕರಾರು, ಸತ್ತವರ ಮುಖದ ಮೇಲೆ ಒಮ್ಮೆ ಕೈ ಸವರಿದ ಕೂಡಲೇ ಕಣ್ಣು ಮುಚ್ಚಿಬಿಡುವ ದೃಶ್ಯ.

“ಹೆಣದ್ ಕಣ್ಣ್ ಅಷ್ಟ್ ಸಸಾರಕ್ಕೆ ಮುಚ್ಚುದಿಲ್ಲೆ. ಹತ್ತಿ ಒದ್ದಿ ಮಾಡಿ ಇಡ್ಕ್, ಸ್ವಲ್ಪ ಹೊತ್ತ್ ಹಿಡ್ಕಣ್ಕ್. ಇವ್ರ್ ಎಂತ ಕಿಟ್ಕಿ ಹಾಕ್ದಾಂಗ್ ಹಾಕ್ತ್ರ್.”

ಇಷ್ಟೆಲ್ಲ ಸಾವು ಕಂಡವರಿಗೆ ಇದರ ಹುಚ್ಚು ಏಕೆ ಎಂದು ನಾನೊಮ್ಮೆ ಕೇಳಿದೆ. ಟಿವಿ ಆರಿಸಿ, ರಿಮೋಟನ್ನು ಸಿರಿಂಜಿನ ಹಾಗೆ ನೆಟ್ಟಗೆ ಹಿಡಿದುಕೊಂಡೇ ಹೇಳಿದರು. “ಕಾಣ್, ಇದ್ರಂಗೆ ಸತ್ತವ್ರ್ ಎಲ್ಲ ಎದ್ದ್ ಬತ್ರ್. ನನ್ ವಾರ್ಡಂಗೆ ಅಷ್ಟ್ ವರ್ಷ ಕಾದೆ, ಒಬ್ರೂ ಎದ್ದ್ ಬರ್ಲಿಲ್ಲೆ. ಬಂದಿದ್ರೆ ಒಂದ್ ಲೋಟ ಚಾ ಕೊಡ್ತಿದ್ದೆ, ಹೆದ್ರಿ ಓಡ್ತಿರ್ಲಿಲ್ಲೆ.”

ಅವರು ನನ್ನನ್ನು ಬೈದದ್ದು ಒಂದೇ ವಿಷಯಕ್ಕೆ, ಆದರೆ ಎಷ್ಟೋ ಸಲ. ನಾನು ಈ ಸಿನಿಮಾಗಳನ್ನು ‘ಭೂತದ ಸಿನಿಮಾ’ ಎನ್ನುತ್ತಿದ್ದೆ. ಪುಸ್ತಕದ ಕನ್ನಡದಲ್ಲಿ ಅದರಲ್ಲಿ ತಪ್ಪೇನಿಲ್ಲ. ಘಟ್ಟದ ಮೇಲಿನವರು ಹಾಗೇ ಹೇಳುತ್ತಾರೆ. ಆದರೆ ನಮ್ಮ ಕರಾವಳಿಯಲ್ಲಿ ಭೂತವೆಂದರೆ ದೈವ. ಮನೆ ಕಾಯುವುದು, ಕೋಲ ಕೊಟ್ಟು ಕೈಮುಗಿಯುವುದು. ಅವರ ಮನೆಯ ಹಿಂದೆಯೂ ಒಂದು ಕಲ್ಲಿತ್ತು, ಸಂಕ್ರಾಂತಿಗೆ ತಪ್ಪದೆ ದೀಪ ಇಡುತ್ತಿದ್ದರು.

“ಭೂತ ಅಂದ್ರೆ ನಮ್ಮನಿ ಹಿಂದ್ ಕಲ್ಲಂಗೆ ಕೂತದ್ದ್. ಒಂದ್ ಹೂ, ಒಂದ್ ದೀಪಕ್ಕೆ ವರ್ಷ ಇಡೀ ನನ್ ಕಾಯ್ತ್. ಈ ಕೋಟ್ ಹಾಕ್ದ್ ಪಿಶಾಚಿಗ್ ಅದ್ರ್ ಹೆಸ್ರ್ ಕೊಡ್ತ್ಯಾ ನೀನ್? ಹೆದ್ರಿಕಿ ಪಿಚ್ಚರ್ ಅನ್. ನಾಲಗಿಗೆ ಎಂತ ಲಕ್ವ ಹೊಡ್ದಿತ್ತಾ?”

ನನಗೆ ‘ಹೆದ್ರಿಕಿ ಪಿಚ್ಚರ್’ ಎಂಬುದು ಮಕ್ಕಳ ಮಾತಿನ ಹಾಗೆ ಕೇಳುತ್ತಿತ್ತು. ಅಷ್ಟು ಅಕ್ಷರ ಬಲ್ಲವನೆಂಬ ಸೊಕ್ಕು ನನ್ನದು.

ಅವರ ಒಂದು ಕಣ್ಣಿನ ದೃಷ್ಟಿ ಮಂಜಾಗುತ್ತಿತ್ತು. ಇನ್ನೊಂದೂ ಅದೇ ದಾರಿ ಹಿಡಿಯುತ್ತದೆಂದು ಅವರಿಗೇ ಗೊತ್ತಿತ್ತು. ಆಪರೇಶನ್ನಿಗೂ ಸರಿಯಾಗದ್ದೆಂದು ಡಾಕ್ಟರು ಹೇಳಿದ್ದನ್ನು ನಮಗೆ ಸಿನಿಮಾದ ಕತೆ ಹೇಳಿದ ಹಾಗೆ ಹೇಳಿ ಮುಗಿಸಿದರು. ಒಂದು ಆಸೆ ಇತ್ತು. ಮುಂಬೈಯಲ್ಲಿ ಮೊದಲು ನೋಡಿದ ಸಿನಿಮಾವೊಂದು, ಅವರ ಭಾಷೆಯಲ್ಲಿ ಮೆಟ್ಲ್ ಪಿಚ್ಚರ್. ದೀಪಸ್ತಂಭದ ಒಳಗಿನ ಮೆಟ್ಟಿಲನ್ನು ಸತ್ತ ಹೆಂಡತಿಯೊಬ್ಬಳು ಒಂದೊಂದಾಗಿ ಹತ್ತಿ ಬರುತ್ತಾಳೆ. ಕಾಲು ಮಾತ್ರ ಕಾಣುತ್ತದೆ, ಮುಖ ಕಾಣುವುದು ಕೊನೆಗೆ. “ಟಿವಿಯಂಗೆ ಆ ಕಾಲ್ ಕೋಳಿಕಾಲಿನಷ್ಟ್ ಕಾಣತ್ತ್. ಒಂದ್ ಸಲ ದೊಡ್ಡ್ ಪರ್ದಿ ಮೇಲ್ ಕಾಣ್ಕ್ ಮಾರಾಯ, ಕಣ್ಣ್ ಇಪ್ಪ ಹೊತ್ತಿಗೆ.”

ಕೇಳಿದ್ದು ಅಷ್ಟೇ. ಊರಿನ ಯುವಕ ಮಂಡಲದ ಹಾಲ್ ಮಾತಾಡಿದೆವು. ಮೇಷ್ಟ್ರು ಕಾಲೇಜಿನ ಪ್ರೊಜೆಕ್ಟರ್ ತರುವುದಾಗಿ ಒಪ್ಪಿದರು. ಮುಂದಿನ ಭಾನುವಾರ ಮಧ್ಯಾಹ್ನಕ್ಕೆ, ಊರವರೆಲ್ಲ ಬರಲಿ ಎಂದು ಒಂದು ನೋಟೀಸು ಮಾಡುವುದು ನನ್ನ ಕೆಲಸ. ಸಿಸ್ಟ್ರಕ್ಕ ಫೋನಿನಲ್ಲಿ ಬರೆಸಿದರು: ‘ಹೆದರಿಕೆ ಚಿತ್ರ ಪ್ರದರ್ಶನ. ಎಲ್ಲರೂ ಬನ್ನಿ. ಹಪ್ಪಳ ಉಂಟು.’

ನಾನು ಬರೆದದ್ದು ‘ಬನ್ನಿ, ಭೂತದ ಸಿನಿಮಾ ನೋಡೋಣ’. ಕೆಂಪು ಅಕ್ಷರ, ತುದಿಯಿಂದ ರಕ್ತ ತೊಟ್ಟಿಕ್ಕುವ ಹಾಗೆ. ಜನ ಬರಲಿ ಎಂದು. ಎರಡು ಪ್ರತಿ ತೆಗೆದು ಹಾಲಿನ ಗೋಡೆಗೆ ಅಂಟಿಸಿದೆ, ಊರಿನ ವಾಟ್ಸಾಪಿಗೂ ಹಾಕಿದೆ. ಹಾಲಿನ ಗೋಡೆಯ ಆಚೆಗೇ ದೈವಸ್ಥಾನದ ಅಂಗಳ. ಕೋಲಕ್ಕೆ ಹದಿನೈದು ದಿನ ಇತ್ತು. ಈ ಊರಲ್ಲಿ ಹುಟ್ಟಿ, ಈ ಅನ್ನ ತಿಂದು, ಈ ಶಬ್ದಕ್ಕೆ ಅಷ್ಟು ಬೈಸಿಕೊಂಡವನ ಕೈಯಿಂದ ಆದ ಕೆಲಸ ಇದು.

ನೋಟೀಸು ಅಂಟಿಸಿದ ಮರುದಿನವೇ ಭಾನುವಾರ, ಪ್ರದರ್ಶನಕ್ಕೆ ಇನ್ನೂ ಒಂದು ವಾರ. ಸಿಸ್ಟ್ರಕ್ಕನ ಚಾವಡಿಯಲ್ಲಿ ಯಾವುದೋ ಸಿನಿಮಾ ನಡೆಯುತ್ತಿತ್ತು, ಹೆಣ ಇನ್ನೂ ಎದ್ದಿರಲಿಲ್ಲ. ಬಾಗಿಲು ದಡ್ಡೆಂದು ತೆರೆಯಿತು. ಮೂವರು ಒಳಗೆ ಬಂದರು. ಒಬ್ಬ ಕಂಬಳಿ ಎಳೆದ. ಚಿಮಟಗಳು ನೆಲಕ್ಕೆ ಬಿದ್ದು ಠಣಗುಟ್ಟಿದವು. ದೈವಸ್ಥಾನದ ಸಮಿತಿಯ ಅಧ್ಯಕ್ಷರು ಗೋಡೆ ತಡಕಿ ಲೈಟು ಹಾಕಿದರು.

“ಹ್ವಾಯ್ ಸಿಸ್ಟ್ರಕ್ಕ, ಎಂತದ್ ಇದ್?”

“ಮೊದ್ಲ್ ಚಪ್ಪಲ್ ಹೊರಗ್ ಬಿಟ್ಟ್ ಬನಿ. ನಾನ್ ಬೆನ್ನ್ ಬಗ್ಸಿ ಒರ್ಸಿದ್ ನೆಲ ಇದ್.”

ಚಪ್ಪಲಿ ಬಿಡಲಿಲ್ಲ. ಗೋಡೆಯಿಂದ ಕಿತ್ತ ನೋಟೀಸನ್ನು ಅವರ ಮುಖದೆದುರು ಹಿಡಿದರು. “ದೈವಸ್ಥಾನಕ್ ತಾಗಿ ಇಪ್ಪ ಹಾಲಂಗೆ ಭೂತದ್ ಸಿನಿಮಾವಾ? ಕಾಂಬುಕ್ ಬನ್ನಿ ಅಂತ ಕರಿಯೂದಾ? ರಕ್ತ ಸೋರೂದ್ ಬೇರೆ. ಬರ್ದದ್ ಯಾರ್ ಇದನ್?”

ಸಿಸ್ಟ್ರಕ್ಕ ಕಾಗದ ತೆಗೆದುಕೊಂಡರು. ಕನ್ನಡಕ ಮೇಲೆತ್ತಿ, ಸರಿ ಇದ್ದ ಕಣ್ಣಿನ ಹತ್ತಿರಕ್ಕೆ ಹಿಡಿದು, ಒಂದೊಂದೇ ಅಕ್ಷರ ಓದಿದರು. ಅವರು ಅದನ್ನು ನೋಡಿದ್ದು ಆಗಲೇ ಮೊದಲು. ನಾನು ಅವರಿಂದ ಎರಡು ಮೊಳ ದೂರದಲ್ಲಿ ಕೂತಿದ್ದೆ. ಅವರು ನನ್ನ ಕಡೆ ತಿರುಗಲಿಲ್ಲ.

“ನಾನೇ ಬರ್ಸದ್ದ್.”

“ನೀವಾ?”

“ಹೌದ್. ಶಬ್ದ ತಪ್ಪಾಯ್ತ್. ತಪ್ಪಾಯ್ತ್ ಅಂದೇಳಿ ದೈವದ್ ಎದ್ರ್ ಹೇಳ್ತೆ. ನಿಮ್ಮೆದ್ರ್ ಅಲ್ಲ.”

ನಾನು ಬಾಯಿ ಬಿಡಬೇಕಿತ್ತು. ಎರಡೇ ಶಬ್ದ, ‘ನಾನು ಬರೆದದ್ದು’. ಆಚಾರಿ ನನ್ನ ಮುಖ ನೋಡಿದರು. ಮೇಷ್ಟ್ರು ನೋಡಿದರು. ನಾನು ಹಪ್ಪಳದ ಪಾತ್ರೆ ನೋಡಿದೆ.

ಅಧ್ಯಕ್ಷರು ಇನ್ನೂ ಏನೇನೋ ಹೇಳಿದರು. ಒಂಟಿ ಹೆಂಗಸು, ಕತ್ತಲೆ ಮಾಡಿಕೊಂಡು ಗಂಡಸರನ್ನು ಕೂರಿಸಿಕೊಂಡು ಯಾವ ಪೀಡೆಯನ್ನು ಕರೆಯುತ್ತಾಳೋ ಎಂದು ಊರಲ್ಲಿ ಮಾತಿದೆ ಎಂದರು. ಇದೇ ಮನುಷ್ಯನ ತಾಯಿ ಹಾಸಿಗೆ ಹಿಡಿದಾಗ, ಸೊಸೆಯಂದಿರು ಮೂಗು ಮುಚ್ಚಿಕೊಂಡಿದ್ದಾಗ, ದಿನಾ ಹೋಗಿ ಬೆನ್ನಿನ ಹುಣ್ಣು ತೊಳೆದವರು ಸಿಸ್ಟ್ರಕ್ಕ. ಆಗ ಆ ಮನೆಯ ಬಾಗಿಲೂ ಮುಚ್ಚಿಯೇ ಇರುತ್ತಿತ್ತು, ಕೋಣೆಯೂ ಕತ್ತಲೆಯೇ. ಆಗ ಅವರು ಪೀಡೆ ಕರೆಯುತ್ತಾರೆಂದು ಯಾರೂ ಹೇಳಲಿಲ್ಲ.

ಅವರು ಹೋದ ಮೇಲೆ ಸಿಸ್ಟ್ರಕ್ಕ ನನ್ನ ಪಕ್ಕ ಬಂದು ಕೂತರು. ನನ್ನ ಮಣಿಕಟ್ಟು ಹಿಡಿದರು. ಗಡಿಯಾರ ಕಣ್ಣಿಗೆ ಹತ್ತಿರ ಮಾಡಿ ಪೂರ್ತಿ ಒಂದು ನಿಮಿಷ ಎಣಿಸಿದರು. ಲೈಟು ಉರಿಯುತ್ತಲೇ ಇತ್ತು, ಅವರ ತುಟಿ ಆಡುವುದು ಕಾಣುತ್ತಿತ್ತು. ಅಂಕೆ ಹೇಳಲಿಲ್ಲ. ಕೈ ಬಿಟ್ಟು ಎದ್ದು, “ಹಪ್ಪಳ ಮೆತ್ತಗಾಯ್ತ್, ತಿನ್ನಿ” ಎಂದರು.

ಹೇಳಿದ ಹಾಗೆ ಮರುದಿನ ಬೆಳಿಗ್ಗೆ ಮಿಂದು ದೈವಸ್ಥಾನಕ್ಕೆ ಹೋದರು. ಕೈಮುಗಿದು, ತಪ್ಪಾಯಿತು ಎಂದರು. ಪೂಜೆಯವರು ಹೂ ಪ್ರಸಾದ ಕೊಟ್ಟರು. ಕಾಪಾಡುವ ದೈವ ಅಲ್ಲಿಗೇ ಬಿಟ್ಟಿತು. ಬಿಡದವರು ಕಾಪಾಡಲು ಬಾರದವರು. ಹಾಲ್ ಸಿಗಲಿಲ್ಲ. ಮೆಟ್ಟಿಲ ಪಿಚ್ಚರು ಆಗಲಿಲ್ಲ. ಮಾತು ಬೆಳೆಯಿತು: ಸಿಸ್ಟ್ರಕ್ಕನ ಮನೆಗೆ ಹೋದರೆ ಪೀಡೆ ಹಿಂದೆ ಬರುತ್ತದಂತೆ. ಸಕ್ಕರೆ ಕಾಯಿಲೆಯ ಇಂಜೆಕ್ಷನ್ ಚುಚ್ಚಿಸಿಕೊಳ್ಳಲು ಮಾತ್ರ ಅದೇ ಜನ ಹಿತ್ತಿಲ ಬಾಗಿಲಿಂದ ಬರುತ್ತಿದ್ದರು. ಪೀಡೆಗೆ ಹಿತ್ತಿಲ ದಾರಿ ಗೊತ್ತಿರಲಿಲ್ಲವೇನೋ.

ಭಾನುವಾರ ಬರುವವರು ಒಬ್ಬೊಬ್ಬರಾಗಿ ಕಡಿಮೆಯಾದರು. ಮೇಷ್ಟ್ರಿಗೆ ರೈಲು ಹೊಂದುವುದಿಲ್ಲ ಎಂದಾಯಿತು. ನನಗೂ ಕೆಲಸ ಹೆಚ್ಚಾಯಿತು. ಯಾರ ಕೆಲಸ ಎಂದು ಕೇಳಿ. ಕೋಲದ ಫ್ಲೆಕ್ಸು, ಅನ್ನಸಂತರ್ಪಣೆಯ ಫ್ಲೆಕ್ಸು, ಅಧ್ಯಕ್ಷರಿಗೆ ಸನ್ಮಾನದ ಫ್ಲೆಕ್ಸು.

ಒಂದು ಸಲ ಧೈರ್ಯ ಮಾಡಿ ಕೇಳಿದೆ, ಅವತ್ತು ಯಾಕೆ ಹಾಗೆ ಹೇಳಿದಿರಿ ಎಂದು. ಅವರು ಕಂಬಳಿ ಮಡಿಸಿ ಒಳಗಿಡುತ್ತಿದ್ದರು. “ನಿಂಗ್ ಅಂಗಡಿ ಇತ್ತ್, ಹೆಂಡ್ತಿ ಮಕ್ಕಳ್ ಇದ್ರ್. ನಂದೆಂತ ಇತ್ತ್? ಪಿಂಚಣಿ. ಅದನ್ ಕೊಡೂದ್ ಸಮಿತಿ ಅಲ್ಲ.” ಕಂಬಳಿಯ ಕೊನೆಯ ಮಡಿಕೆ ಹಾಕಿ, “ಆದ್ರೂ ಹೆದ್ರಿಕಿ ಪಿಚ್ಚರ್ ಅಂತ್ಲೇ ಬರಿಯುಕಾತಿತ್ತಲ್ದಾ ಮಾರಾಯ” ಎಂದರು. ಬೈಗುಳ ಇರಲಿಲ್ಲ ಆ ಮಾತಿನಲ್ಲಿ. ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

ಎರಡು ವರ್ಷಕ್ಕೆ ಇನ್ನೊಂದು ಕಣ್ಣೂ ಮಂಜಾಯಿತು. ಆಚಾರಿ ಮಾತ್ರ ಭಾನುವಾರ ಬಿಡಲಿಲ್ಲ. ಟಿವಿ ಹಾಕಿ ಪಕ್ಕದಲ್ಲಿ ಕೂತು, ಈಗ ಬಾಗಿಲು ತೆರೀತ್, ಈಗ ಕೈ ಬಂತ್ ಎಂದು ಹೇಳುತ್ತಿದ್ದರಂತೆ. ಮಾತೇ ಆಡದ ಮನುಷ್ಯ.

ಹೋದ ತಿಂಗಳು ಒಂದು ಬುಧವಾರ ಬೆಳಿಗ್ಗೆ ಎದೆನೋವೆಂದು ಕೂತವರು ಏಳಲಿಲ್ಲ. ನಾನು ಹೋಗುವಾಗ ಚಾಪೆಯ ಮೇಲೆ ಮಲಗಿಸಿದ್ದರು. ಕಣ್ಣು ಅರೆ ತೆರೆದಿತ್ತು. ನೆರೆಮನೆಯವರೊಬ್ಬರು ಸಿನಿಮಾದಲ್ಲಿ ಮಾಡುವ ಹಾಗೆ ಮುಖದ ಮೇಲೆ ಕೈ ಸವರಿದರು. ಮುಚ್ಚಲಿಲ್ಲ. ಇನ್ನೊಮ್ಮೆ ಸವರಿದರು. ಆಚಾರಿ ಒಳಗೆ ಹೋಗಿ ಹತ್ತಿ ಒದ್ದೆ ಮಾಡಿ ತಂದರು. ಒಂದು ಕಣ್ಣಿಗೆ ಅವರು, ಒಂದು ಕಣ್ಣಿಗೆ ನಾನು, ಇಟ್ಟು ಹಿಡಿದುಕೊಂಡು ಕೂತೆವು.

ಮೂರನೆಯ ದಿನ ಅಧ್ಯಕ್ಷರು ನನ್ನ ಅಂಗಡಿಗೆ ಬಂದರು. ಕುರ್ಚಿ ಎಳೆದುಕೊಂಡು, ಜೇಬಿನಿಂದ ಚೀಟಿ ತೆಗೆದರು. “ಬರ್ಕೋ. ಸಿಸ್ಟ್ರಕ್ಕಂದ್ ಒಂದ್ ದೊಡ್ಡ್ ಫ್ಲೆಕ್ಸ್ ಹಾಕ್ಕ್. ಊರಿನ ಹೆಮ್ಮೆಯ ಮಗಳು. ಅಜಾತಶತ್ರು. ನಮ್ದ್ ಹನ್ನೊಂದ್ ಜನರ್ ಫೋಟೋ ಕೆಳಗ್.”

ನಾನು ‘ಅಜಾತಶತ್ರು’ವಿನವರೆಗೆ ಟೈಪು ಮಾಡಿದೆ. ಅಲ್ಲಿ ಕೈ ನಿಂತಿತು.

“ಅವತ್ತಿನ್ ನೋಟೀಸ್ ಬರ್ದದ್ ನಾನ್,” ಎಂದೆ. “ಅವ್ರ್ ಬರ್ಸದ್ ಬೇರೆ. ಆ ಶಬ್ದ ಹಾಕದ್ ನಾನ್.”

ಅಧ್ಯಕ್ಷರು ನಕ್ಕರು. ಕೆಟ್ಟ ನಗೆಯಲ್ಲ, ಮನೆಯವರ ಹತ್ತಿರ ನಗುವ ನಗೆ. “ಗೊತ್ತಿತ್ ಮಾರಾಯ. ಅವತ್ತೇ ಗೊತ್ತಿತ್. ಸಿಸ್ಟ್ರಕ್ಕ ಪಿಚ್ಚರಿಗ್ ಆ ಹೆಸ್ರ್ ಹೇಳೂದೇ ಇಲ್ಲೆ ಅಂದೇಳಿ ಊರಿಗೇ ಗೊತ್ತಿದ್ದಿತ್.”

“ಮತ್ತ್?”

“ಮತ್ತೆಂತ? ನಿನ್ ಹತ್ರ ಜಗಳ ಮಾಡ್ರೆ ಕೋಲದ್ ಫ್ಲೆಕ್ಸ್ ಯಾರ್ ಮಾಡೂದ್? ಅವ್ರೇ ಒಪ್ಕಂಡ್ರ್, ಮುಗೀತ್. ಆಗ್ಲಿ, ಫೋಟೋ ಒಂಚೂರ್ ಬೆಳ್ಳಗ್ ಮಾಡ್.”

ನಾನು ಫೈಲು ಮುಚ್ಚಿದೆ. ಉಳಿಸಬೇಕೇ ಎಂದು ಕಂಪ್ಯೂಟರು ಕೇಳಿತು, ಬೇಡ ಎಂದು ಒತ್ತಿದೆ. “ಇದ್ ನನ್ ಹತ್ರ ಆತ್ತಿಲ್ಲೆ. ಬೇರೆಯವ್ರ್ ಹತ್ರ ಮಾಡ್ಸಿ,” ಎಂದೆ. ಅವರು ಬೇರೆಯವರ ಹತ್ತಿರ ಮಾಡಿಸಿದರು. ಬೇರೆಯವರಿಗೆ ಶ್ರ ಬರೆಯಲು ಬರಲಿಲ್ಲ.

ಈ ಧೈರ್ಯವನ್ನು ನಾನು ಹೇಳಿಕೊಳ್ಳುತ್ತಿಲ್ಲ. ಯಾರ ಮುಂದೆ ಬೇಕಿತ್ತೋ ಅವರ ಮುಂದೆ ಬರಲಿಲ್ಲ ಅದು.

ಅವರ ಉತ್ತರಕ್ರಿಯೆಯ ಬೊಜ್ಜ ಕಳೆದ ಮೇಲಿನ ಭಾನುವಾರ ಮಧ್ಯಾಹ್ನ ಆಚಾರಿಯ ಶೆಡ್ಡಿಗೆ ಹೋದೆ. ಅರ್ಧ ಕಟ್ಟಿದ ದೋಣಿಯೊಂದು ನಿಂತಿತ್ತು, ನಾಲ್ಕಾಳೆತ್ತರ. ಶೆಡ್ಡಿನ ಒಳಗೆ ಕತ್ತಲೆ ಕತ್ತಲೆ. ಆಚಾರಿ ದೋಣಿಯ ಬದಿಯ ಹಲಗೆಗೆ ಕೈ ಸವರುತ್ತಾ ಹೇಳಿದರು, “ಇದ್ರ್ ಮೇಲ್ ಒಂದ್ ಬಿಳಿ ಬಟ್ಟಿ ಕಟ್ರೆ ಮೆಟ್ಲ್ ಪಿಚ್ಚರ್ ಹಾಕುಕಾತ್ತ್. ಅವ್ರ್ ನೆನ್ಪಿಗ್.”

ನನಗೆ ಸಿಟ್ಟು ನೆತ್ತಿಗೇರಿತು. “ಈ ಶೆಡ್ ಅವತ್ತ್ ಇರ್ಲಿಲ್ಯಾ ಆಚಾರ್ರೆ? ಎರಡ್ ವರ್ಷ ಇಲ್ಲೇ ಇದ್ದಿತಲ್ದಾ? ಅವ್ರ್ ಕಣ್ಣ್ ಇಪ್ಪ ಹೊತ್ತಿಗೆ ನಮ್ಗೆ ಯಾಕ್ ನೆನ್ಪಾಯ್ಲಿಲ್ಲೆ?”

ಆಚಾರಿ ಹಲಗೆಯಿಂದ ಕೈ ತೆಗೆದರು. “ನೆನ್ಪಾಯಿದ್ದಿತ್,” ಎಂದರು. “ಹೇಳುಕ್ ಹೆದ್ರಿಕಿ ಆಯ್ತ್. ನನ್ ದೋಣಿಗ್ ಮುಹೂರ್ತ ಇಡೂದೂ ಆ ಸಮಿತಿಯವ್ರೇ ಅಲ್ದಾ.”

ನಾನು ಮುಂದೆ ಬೈಯಲಿಲ್ಲ. ಯಾವ ಬಾಯಿಂದ ಬೈಯಲಿ.

ಬಟ್ಟೆ ನಾವು ಕಟ್ಟಲಿಲ್ಲ. ಅವರಿಲ್ಲದೆ ಹಾಕಿದರೆ ಅದೂ ಆ ತಿರುವಿನ ಫ್ಲೆಕ್ಸೇ.

ಅಷ್ಟು ವರ್ಷದ ಭಾನುವಾರಗಳಲ್ಲಿ, ಅಷ್ಟು ತಲೆ ಉರುಳಿದರೂ ಅಷ್ಟು ಹೆಣ ಎದ್ದರೂ, ಸಿಸ್ಟ್ರಕ್ಕ ಹೆದರಿದ್ದನ್ನು ನಾನು ಒಂದು ಸಲವೂ ಕಂಡಿಲ್ಲ. ಹೆದರಿದ್ದು ನಾನು, ಒಂದು ಮಧ್ಯಾಹ್ನ, ಲೈಟು ಹಾಕಿದ ಮೇಲೆ. ಅವತ್ತಿನ ಅಂಕೆ ಎಷ್ಟಿತ್ತೆಂದು ಅವರು ಹೇಳದೇ ಹೋದರು.